ಪೊಲೀಸ್ ತರಬೇತಿಗೆ ದುಡ್ಡು ಕೊಡುವವರು ಯಾರು, ನಿಲ್ಲಿಸುವವರು ಯಾರು?

ಪ್ರಶ್ನೆ: ನಾವು ಇಂಡಿ ತಾಲೂಕಿನ ಕಡೆಯವರು. ಪುಣೆಯ ನಿಗಡಿಗೆ ಬಂದು 28 ವರ್ಷವಾಯಿತು. ಮಗ ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಪರೀಕ್ಷೆ ಪಾಸಾಗಿ ಪಿಎಸ್‌ಐ ಹುದ್ದೆಗೆ ಆಯ್ಕೆಯಾಗಿದ್ದಾನೆ. ಇನ್ನು ತರಬೇತಿಗೆ ನಾಶಿಕಕ್ಕೆ ಹೋಗಬೇಕು. ಇಂಗ್ಲೆಂಡ್, ಅಮೆರಿಕದಲ್ಲಿ ಪೊಲೀಸರಿಗೆ ಏನು ಕಲಿಸಬೇಕು, ಎಷ್ಟು ಕಲಿಸಬೇಕು ಅಂತ ನಿಗದಿ ಮಾಡೋಕೆ ಬೇರೆಯೇ ಸಂಸ್ಥೆಗಳಿವೆ, ಅದರಲ್ಲಿ ಸರ್ಕಾರದ ಕೈ ಇರಲ್ಲ ಅಂತ ಅವನ ಗೆಳೆಯ ಹೇಳಿದ. ನಮ್ಮಲ್ಲಿ ಅಂಥದ್ದು ಇದೆಯೇ? ಎಲ್ಲ ದುಡ್ಡೂ ಸರ್ಕಾರದ್ದೇ ಆದಮೇಲೆ ಅಂಥ ಸಂಸ್ಥೆ ಸ್ವತಂತ್ರವಾಗಿ ಇರೋಕೆ ಆಗುತ್ತದೆಯೇ?

ಉತ್ತರ: ತಾಯಿ, ಮೊದಲು ನಿಮ್ಮ ಮಗನಿಗೆ ನನ್ನ ಅಭಿನಂದನೆ ಹೇಳಿ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಸರ್ಕಾರದ ದುಡ್ಡಲ್ಲಿ ನಡೆಯುವ ಸಂಸ್ಥೆ ಸ್ವತಂತ್ರವಾಗಿ ಇರಬಹುದೇ? ಇರಬಹುದು. ನಾನು ಮುಂಬೈಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಆಡಿಟ್ ಇಲಾಖೆಯಲ್ಲಿ ದುಡಿದವನು. ಸಂಬಳ ಸರ್ಕಾರದ್ದು, ಕೆಲಸ ಸರ್ಕಾರದ ಲೆಕ್ಕದಲ್ಲಿ ತಪ್ಪು ಹುಡುಕೋದು. ಒಂದೊಂದು ಕಚೇರಿಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರ ಮೇಲೆಯೇ ಆಡಿಟ್ ಪ್ಯಾರಾ (ಆಕ್ಷೇಪಣೆ) ಬರೆದು ಬಂದಿದ್ದೇವೆ. ನಾಳೆ ಸಂಬಳ ನಿಂತೀತು ಅನ್ನೋ ಭಯ ಒಂದು ದಿನವೂ ಇರಲಿಲ್ಲ.

ಆ ಭಯ ಯಾಕೆ ಇರಲಿಲ್ಲ ಅನ್ನೋದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಸಂವಿಧಾನದ 148ನೇ ವಿಧಿ ನಮ್ಮ ಇಲಾಖೆಯ ಮುಖ್ಯಸ್ಥರಾದ ಮಹಾಲೇಖಪಾಲರ (ಸಿಎಜಿ) ಕಚೇರಿಯ ಆಡಳಿತ ಖರ್ಚನ್ನು ನೇರವಾಗಿ ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ ಮೇಲೆ ಹಾಕುತ್ತದೆ. ಸದನ ಅದರ ಬಗ್ಗೆ ಚರ್ಚೆ ಮಾಡಬಹುದು, ಮತಕ್ಕೆ ಹಾಕಿ ಕಡಿತ ಮಾಡುವಂತಿಲ್ಲ. ಮಹಾಲೇಖಪಾಲರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟದ ದಾರಿ ಹಿಡಿಯಬೇಕು. ವರದಿಯನ್ನು ಸದನದ ಮುಂದೆ ಇಡಲೇಬೇಕು ಅಂತ 151ನೇ ವಿಧಿ ಹೇಳುತ್ತದೆ. ದುಡ್ಡು ಸರ್ಕಾರದ್ದೇ. ಆದರೆ ನಲ್ಲಿ ತಿರುಗಿಸುವ ಕೈ ಬೇರೆ. ಈ ಏರ್ಪಾಡಿನಲ್ಲೂ ಒಂದು ತೂತು ಇದೆ: ಇಷ್ಟೇ ದಿನದೊಳಗೆ ವರದಿ ಮಂಡಿಸಬೇಕು ಅನ್ನೋ ಗಡುವು ಸಂವಿಧಾನದಲ್ಲಿಲ್ಲ. ನಾವು ತಿಂಗಳುಗಟ್ಟಲೆ ಕೂತು ಬರೆದ ವರದಿ ಸದನಕ್ಕೆ ಹೋಗದೆ ಕಾಯುವುದನ್ನು ನೋಡಿ ತುಂಬಾ ಬೇಜಾರಾಗುತ್ತಿತ್ತು. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮತ್ತೆ ಇದಕ್ಕೇ ಬರುತ್ತೇನೆ.

ಈಗ ನಿಮ್ಮ ಮಗನ ಕಡೆಗೆ ಬರೋಣ. ಅವನನ್ನು ಆರಿಸಿದ ಎಂಪಿಎಸ್‌ಸಿಗೂ ಇಂಥದ್ದೇ ರಕ್ಷಣೆ ಇದೆ. 322ನೇ ವಿಧಿಯ ಪ್ರಕಾರ ಲೋಕಸೇವಾ ಆಯೋಗಗಳ ಖರ್ಚು ನೇರ ಸಂಚಿತ ನಿಧಿಯಿಂದ ಬರುತ್ತದೆ. ಮಹಾರಾಷ್ಟ್ರದ ಬಜೆಟ್ ಪುಸ್ತಕದಲ್ಲಿ ಇದನ್ನು ‘ಭಾರಿತ’ ಅಂತ ಬರೆದಿರುತ್ತಾರೆ. ಸದನ ಮತ ಹಾಕಿ ಮಂಜೂರು ಮಾಡುವ ಖರ್ಚಿಗೆ ‘ದತ್ತಮತ’ ಅನ್ನುತ್ತಾರೆ. ಆಯೋಗ ಆಯ್ಕೆ ಪಟ್ಟಿ ಕೊಟ್ಟ ಮರುದಿನದಿಂದ ಹುಡುಗ ಭಾರಿತದ ನೆರಳಿನಿಂದ ದತ್ತಮತದ ಬಿಸಿಲಿಗೆ ಬರುತ್ತಾನೆ. ಅವನು ಕಲಿಯುವ ನಾಶಿಕದ ಪೊಲೀಸ್ ಅಕಾಡೆಮಿ ಗೃಹ ಇಲಾಖೆಯದ್ದು. ನಿರ್ದೇಶಕರು ಐಪಿಎಸ್ ಅಧಿಕಾರಿ, ಯಾವಾಗ ಬೇಕಾದರೂ ವರ್ಗವಾಗಬಹುದು. ಕಲಿಸುವವರಲ್ಲಿ ಹೆಚ್ಚಿನವರು ಇಲಾಖೆಯವರೇ. ಕಲಿತಿದ್ದಾನೋ ಇಲ್ಲವೋ ಅಂತ ತೀರ್ಮಾನಿಸುವುದೂ ಇಲಾಖೆಯೊಳಗೇ. ಆಯ್ಕೆಗೆ ಇಷ್ಟೆಲ್ಲ ಕಾವಲು ಇಟ್ಟೆವು, ಕಲಿಕೆಗೆ ಒಂದು ಬೇಲಿಯನ್ನೂ ಹಾಕಲಿಲ್ಲ. ನನ್ನನ್ನು ತುಂಬಾ ಕಾಡುವ ವಿಷಯ ಇದು.

ನಾಶಿಕದ ಅಕಾಡೆಮಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಹೆದರಬೇಡಿ. ಅದು ದೊಡ್ಡ ಹೆಸರಿನ ಸಂಸ್ಥೆ. ಅದು ಹುಟ್ಟಿದ್ದು ನಿಮ್ಮ ಪುಣೆಯಲ್ಲೇ, 1906ರಲ್ಲಿ, ಭಾಂಬುರ್ಡೆಯಲ್ಲಿ. ಅಂದರೆ ಈಗಿನ ಶಿವಾಜಿನಗರ. 1909ರಲ್ಲಿ ನಾಶಿಕಕ್ಕೆ ಹೋಯಿತು. ನೂರು ವರ್ಷ ದಾಟಿದ ಶಾಲೆಯಲ್ಲಿ ಮಗ ಕಲಿಯುತ್ತಾನೆ, ಹೆಮ್ಮೆ ಪಡಿ. ನನ್ನ ಪ್ರಶ್ನೆ ಶಾಲೆಯ ಮೇಲಲ್ಲ, ಶಾಲೆಗೆ ಅಳತೆಗೋಲು ಹಿಡಿಯುವವರು ಯಾರು ಅನ್ನೋದರ ಮೇಲೆ.

ಅಂಥ ಅಳತೆಗೋಲು ನಮ್ಮಲ್ಲಿ ಪೂರ್ತಿ ಇಲ್ಲ ಅಂತಲೂ ಅಲ್ಲ. 1971ರಲ್ಲಿ ಕೇಂದ್ರ ಸರ್ಕಾರ ಪೊಲೀಸ್ ತರಬೇತಿಗಾಗಿಯೇ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಪೊಲೀಸ್ ಅಧಿಕಾರಿ ಆಗಿರಲಿಲ್ಲ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎಂ.ಎಸ್. ಗೋರೆ. ಚೆಂಬೂರಿನ ಪಕ್ಕ ದೇವನಾರದಲ್ಲಿ ಇದೆಯಲ್ಲ, ಅದೇ ಸಂಸ್ಥೆ. ಲಾಠಿ, ಕವಾಯತು ಸಾಲದು, ಜನರನ್ನು ಅರ್ಥ ಮಾಡಿಕೊಳ್ಳೋದನ್ನೂ ಪೊಲೀಸರಿಗೆ ಕಲಿಸಬೇಕು ಅಂತ ಆ ಸಮಿತಿ ಹೇಳಿತು. ಅದರ ಶಿಫಾರಸಿನಂತೆ 1973ರಲ್ಲಿ ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೋದಲ್ಲಿ ತರಬೇತಿ ವಿಭಾಗ ಶುರುವಾಯಿತು. ಈ ಬ್ಯೂರೋ 1970ರಲ್ಲಿ ಹುಟ್ಟಿದ್ದು, ಕೇಂದ್ರ ಗೃಹ ಸಚಿವಾಲಯದ ಕೆಳಗೆ ಬರುತ್ತದೆ. ಮಾದರಿ ಪಠ್ಯಕ್ರಮ ಮಾಡುತ್ತದೆ, ಪ್ರತಿ ರಾಜ್ಯದ ಪೊಲೀಸ್ ಅಂಕಿಅಂಶ ಪ್ರಕಟಿಸುತ್ತದೆ. ಆ ಅಂಕಿಅಂಶ ಇಲ್ಲದಿದ್ದರೆ ನಮ್ಮಂಥವರಿಗೆ ಮಾತಾಡೋಕೆ ಆಧಾರವೇ ಇರುತ್ತಿರಲಿಲ್ಲ.

ಆದರೆ ಪೊಲೀಸ್ ಅನ್ನೋದು ಸಂವಿಧಾನದ ರಾಜ್ಯಪಟ್ಟಿಯಲ್ಲಿ ಇರುವ ವಿಷಯ. ಬ್ಯೂರೋ ಪಠ್ಯಕ್ರಮ ಕಳಿಸಬಹುದು, ರಾಜ್ಯ ಅದನ್ನು ಕಪಾಟಿನಲ್ಲಿ ಇಟ್ಟರೆ ಬ್ಯೂರೋ ಏನೂ ಮಾಡಲಾರದು. 2021ರಲ್ಲಿ ಸರ್ಕಾರಿ ನೌಕರರ ತರಬೇತಿಗಾಗಿ ಕೇಂದ್ರದ ಸಾಮರ್ಥ್ಯ ವೃದ್ಧಿ ಆಯೋಗ ಬಂತು. ಸರ್ಕಾರಿ ತರಬೇತಿ ಸಂಸ್ಥೆಗಳಿಗೆ ಮರುವರ್ಷ ಅದು ರಾಷ್ಟ್ರೀಯ ಮಾನದಂಡಗಳನ್ನು ತಂದಿತು. ಒಳ್ಳೆಯ ಹೆಜ್ಜೆ. ಆದರೆ ಅದೂ ಆಡಳಿತದ ಒಳಗಿನ ಆಯೋಗವೇ. ತಾನಾಗಿ ಅದರ ಹತ್ತಿರ ಹೋದ ತರಬೇತಿ ಸಂಸ್ಥೆಗೆ ಮಾನ್ಯತೆ ಸಿಗುತ್ತದೆ. ಹೋಗದಿದ್ದವರ ಬಾಗಿಲು ಯಾರೂ ಮುಚ್ಚಿಸಲ್ಲ. ಇನ್ನು ಪೊಲೀಸ್ ಸುಧಾರಣೆಗಾಗಿ ಹೂಡಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಏಳು ನಿರ್ದೇಶನಗಳ ಹೆಸರು ಕೇಳಿರುತ್ತೀರಿ. ಅದರಿಂದಾಗಿ ಮಹಾರಾಷ್ಟ್ರ 2014ರಲ್ಲಿ ತನ್ನ ಪೊಲೀಸ್ ಕಾಯ್ದೆ ತಿದ್ದಿತು, ಗೋವಾದಲ್ಲೂ ಇಲ್ಲೂ ದೂರು ಪ್ರಾಧಿಕಾರಗಳು ಬಂದವು. ಪೊಲೀಸರು ತಪ್ಪು ಮಾಡಿದ ಮೇಲೆ ಕೇಳೋಕೆ ಒಂದು ಜಾಗ ಆಯಿತು. ತಪ್ಪು ಮಾಡದ ಹಾಗೆ ಕಲಿಸಿದ್ದಾರೋ ಅಂತ ಕೇಳುವ ಜಾಗ ಆ ಏಳರಲ್ಲಿ ಇಲ್ಲ.

ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ತರಬೇತಿ ಶಾಲೆಗೆ ಪಾಠ ಹೇಳೋಕೆ ಕರೆದಿದ್ದರು. ಹೆಸರು ಬೇಡ. ಸರ್ಕಾರಿ ದುಡ್ಡು, ಮುದ್ದೆಮಾಲು (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುಗಳ) ರಿಜಿಸ್ಟರ್, ಜಪ್ತಿ ಮಾಡಿದ ನಗದಿನ ಲೆಕ್ಕ, ಇಂಥ ವಿಷಯಗಳು. ಹತ್ತು ಪಾಠ ಅಂತ ನಿಗದಿಯಾಗಿತ್ತು. ಮೂರು ಮುಗಿಸುವಷ್ಟರಲ್ಲಿ ಗಣಪತಿ ಹಬ್ಬ ಬಂತು. ಇಡೀ ತಂಡವನ್ನು ಬಸ್ಸಿನಲ್ಲಿ ತುಂಬಿ ಬಂದೋಬಸ್ತಿಗೆ ಕಳಿಸಿದರು. ವಿಸರ್ಜನೆ ಮುಗಿಸಿ ಬಂದ ಹುಡುಗರ ಕಣ್ಣು ಕೆಂಡವಾಗಿತ್ತು, ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ನನಗೆ ಅವರನ್ನು ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಕೊನೆಗೆ ಐದು ಪಾಠ ಆಯಿತು. ಸಹಿಗೆ ಅಂತ ನನ್ನ ಮುಂದೆ ಬಂದ ಹಾಳೆಯಲ್ಲಿ ಹತ್ತು ಅಂತ ಇತ್ತು. ನಾನು ಐದು ಅಂತ ತಿದ್ದಿ ಸಹಿ ಹಾಕಿದೆ. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ.

ಅಲ್ಲಿನ ಪ್ರಾಚಾರ್ಯರು ಕೆಟ್ಟವರಲ್ಲ. ಅವರಿಗೆ ಮೇಲಿಂದ ಫೋನ್ ಬಂತು, ಅವರು ಇಲ್ಲ ಅನ್ನುವ ಹಾಗಿರಲಿಲ್ಲ. ಬಂದೋಬಸ್ತೂ ಸುಳ್ಳಲ್ಲ. ನಿಮ್ಮ ನಿಗಡಿಯ ಮೇಲೆಯೇ ತುಕಾರಾಮರ ಪಾಲಖಿ ಹೋಗುತ್ತದೆ, ಎಷ್ಟು ಜನ ಸೇರುತ್ತಾರೆ ಅಂತ ನೀವೇ ನೋಡಿದ್ದೀರಿ. ಜನ ಕಡಿಮೆ ಬಿದ್ದಾಗ ಕಮಿಷನರ್ ಕಣ್ಣು ಮೊದಲು ಬೀಳೋದು ತರಬೇತಿ ಶಾಲೆಯ ಹುಡುಗರ ಮೇಲೆ. ದುಡ್ಡಿನ ಕಥೆಯೂ ಇದೇ. ವರ್ಷದ ಮಧ್ಯೆ ಹಣಕಾಸು ಇಲಾಖೆ ಕೈ ಬಿಗಿ ಮಾಡಿದರೆ ಸಂಬಳ ನಿಲ್ಲಿಸಲು ಆಗಲ್ಲ, ಜೀಪಿನ ಡೀಸೆಲ್ ನಿಲ್ಲಿಸಲು ಆಗಲ್ಲ. ಪಾಠ ನಿಲ್ಲಿಸಬಹುದು. ಪಾಠ ನಿಂತರೆ ಅಂದೇ ಯಾರಿಗೂ ಗೊತ್ತಾಗಲ್ಲ. ಐದು ವರ್ಷದ ಮೇಲೆ ಒಂದು ಕೇಸು ಕೋರ್ಟಿನಲ್ಲಿ ಬಿದ್ದಾಗ ಗೊತ್ತಾಗುತ್ತದೆ. ಆಗಲೂ ಹೆಸರು ಕೆಡೋದು ಆ ಪಿಎಸ್‌ಐದು. ಅವನಿಗೆ ಕಲಿಸದೆ ಬಿಟ್ಟವರದ್ದಲ್ಲ.

ಈಗಂತೂ ಕಲಿಯೋದು ಇನ್ನೂ ಜಾಸ್ತಿಯಾಗಿದೆ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದವು. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧವಾದರೆ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರನ್ನು ಕರೆಸಬೇಕು, ಅದಕ್ಕೆ ರಾಜ್ಯಗಳಿಗೆ ಸಮಯ ಕೊಟ್ಟಿದ್ದಾರೆ. ಇದನ್ನು ಅರ್ಧ ದಿನದ ಭಾಷಣದಲ್ಲಿ ಕಲಿಸಲು ಬರಲ್ಲ. ಕೈಯಲ್ಲಿ ಫೋನ್ ಹಿಡಿದು, ಪಂಚ ಸಾಕ್ಷಿಗಳನ್ನು ನಿಲ್ಲಿಸಿ, ತಪ್ಪಾದರೆ ಮತ್ತೆ ಮಾಡಿಸಿ ಕಲಿಸಬೇಕು. ಅದಕ್ಕೆ ದಿನ ಬೇಕು, ಕಲಿಸುವ ಜನ ಬೇಕು, ದುಡ್ಡು ಬೇಕು. ದೇಶದ ಲೆಕ್ಕ ತೆಗೆದರೆ ಪೊಲೀಸರಿಗೆ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ತರಬೇತಿಗೆ ಹೋಗೋದು ಒಂದೆರಡು ರೂಪಾಯಿ.

ಇನ್ನು ಹೊರದೇಶದ ಮಾತು. ನಿಮ್ಮ ಮಗನ ಗೆಳೆಯ ಹೇಳಿದ್ದು ಅರ್ಧ ಸರಿ. ಇಂಗ್ಲೆಂಡಿನಲ್ಲಿ 2012ರ ಡಿಸೆಂಬರಿನಲ್ಲಿ ಕಾಲೇಜ್ ಆಫ್ ಪೊಲೀಸಿಂಗ್ ಶುರುವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರಿಗೆ ಮಾನದಂಡ, ನೀತಿಸಂಹಿತೆ, ತರಬೇತಿಯ ಪಠ್ಯ ಎಲ್ಲ ಅದರ ಕೆಲಸ. ಕೆಲಸದಿಂದ ವಜಾ ಆದ ಪೊಲೀಸರು ಬೇರೆ ಕಡೆ ಸೇರದ ಹಾಗೆ ಹೆಸರಿನ ಪಟ್ಟಿಯನ್ನೂ ಇಡುತ್ತದೆ. ಆದರೆ ಸರ್ಕಾರದ ಕೈ ಇಲ್ಲ ಅನ್ನೋದು ಸರಿಯಲ್ಲ. ಅದು ಒಂದು ಕಂಪನಿಯ ರೂಪದಲ್ಲಿದೆ, ಮಾಲೀಕತ್ವ ಗೃಹ ಮಂತ್ರಿಯದ್ದು. ಬಹುಪಾಲು ಹಣ ಬರೋದು ಹೋಮ್ ಆಫೀಸಿನ, ಅಂದರೆ ಅಲ್ಲಿನ ಗೃಹ ಇಲಾಖೆಯ ಅನುದಾನದಿಂದ, ಉಳಿದದ್ದು ಕೋರ್ಸು, ಪರೀಕ್ಷೆಗಳ ಶುಲ್ಕದಿಂದ. ಆದರೂ ಅದು ತನ್ನ ಮಾನದಂಡವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ, ಮತ್ತು ಅದನ್ನು ಪಾಲಿಸಿದ್ದಾರೋ ಅಂತ ನೋಡೋಕೆ ಬೇರೆಯೇ ಇನ್‌ಸ್ಪೆಕ್ಟರೇಟ್ ಇದೆ. ಮಾನದಂಡ ಬರೆಯುವವರು ಒಬ್ಬರು, ತಪಾಸಣೆ ಮಾಡುವವರು ಇನ್ನೊಬ್ಬರು. ನನಗೆ ಹಿಡಿಸಿದ್ದು ಅದು.

ಅಮೆರಿಕದಲ್ಲಿ ರಾಜ್ಯಕ್ಕೊಂದು ರೀತಿ. ಕ್ಯಾಲಿಫೋರ್ನಿಯಾದ ಕಥೆ ನಮಗೆ ಪಾಠ. ಅಲ್ಲಿ 1959ರಲ್ಲೇ ಪೊಲೀಸ್ ಮಾನದಂಡ ಮತ್ತು ತರಬೇತಿ ಆಯೋಗ ಆಯಿತು. ಅದಕ್ಕೆ ತೆರಿಗೆ ದುಡ್ಡು ಬೇಡ, ಕೋರ್ಟು ಮತ್ತು ಟ್ರಾಫಿಕ್ ದಂಡಗಳ ಮೇಲೆ ಹಾಕುವ ಹೆಚ್ಚುವರಿ ಮೊತ್ತದಿಂದ ನಡೆಸೋಣ ಅಂದರು. ಸರ್ಕಾರದ ಮುಂದೆ ಕೈ ಚಾಚಬೇಕಾಗಿಲ್ಲ, ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ದಶಕಗಳ ಮೇಲೆ ದಂಡದ ವಸೂಲಿ ಇಳಿಯಿತು. ಅದರ ಜೊತೆ ತರಬೇತಿಯೂ ಇಳಿಯಿತು. ಕೊನೆಗೆ ರಾಜ್ಯದ ಸಾಮಾನ್ಯ ಖಜಾನೆಯೇ ಕೈ ಹಿಡಿಯಬೇಕಾಯಿತು. ಇನ್ನೊಂದು ಮಾತು: ಅಷ್ಟು ಹಳೆಯ ಆಯೋಗಕ್ಕೂ ಗಂಭೀರ ತಪ್ಪು ಮಾಡಿದ ಪೊಲೀಸರ ಪ್ರಮಾಣಪತ್ರ ಕಿತ್ತುಕೊಳ್ಳುವ ಅಧಿಕಾರ ಸಿಕ್ಕಿದ್ದು 2021ರ ಕಾನೂನಿನಿಂದ. ದುಡ್ಡು ಬೇರೆ ಕಡೆಯಿಂದ ಬಂದ ಮಾತ್ರಕ್ಕೆ ಹಲ್ಲು ಹುಟ್ಟಲಿಲ್ಲ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಪುಣೆ, ಮುಂಬೈಯಲ್ಲಿ ಇ-ಚಲನ್ ಬಂದಮೇಲೆ ‘ಆ ದಂಡದ ದುಡ್ಡನ್ನೇ ಪೊಲೀಸ್ ತರಬೇತಿಗೆ ಕೊಡಿ’ ಅಂತ ಹೇಳುವವರು ನನಗೆ ಆಗಾಗ ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ದಂಡ ಹಾಕುವವರಿಗೇ ದಂಡದ ಪಾಲು ಕೊಟ್ಟರೆ ರಸ್ತೆಯಲ್ಲಿ ಹೆಲ್ಮೆಟ್ ಹಾಕದವರು ಹೆಚ್ಚಿದಷ್ಟೂ ಅಕಾಡೆಮಿಗೆ ಲಾಭ ಅಂತ ಆಗುತ್ತದೆ. ಇದು ಬೇಡ. ದಂಡ ಈಗ ಹೋಗುವ ಹಾಗೆ ಸಂಚಿತ ನಿಧಿಗೇ ಹೋಗಲಿ. ಕಂಪನಿಗಳ ದೇಣಿಗೆಯೂ ಹಾಗೆಯೇ. ಆಟದ ಮೈದಾನಕ್ಕೆ, ಗ್ರಂಥಾಲಯಕ್ಕೆ ಕೊಟ್ಟರೆ ಇರಲಿ. ಏನು ಕಲಿಸಬೇಕು ಅಂತ ನಿರ್ಧರಿಸುವ ಸಂಸ್ಥೆ ಮಾತ್ರ ಯಾವ ಕಂಪನಿಯ ಋಣದಲ್ಲೂ ಇರಬಾರದು. ನಾಳೆ ಅದೇ ಕಂಪನಿಯ ಮೇಲೆ ಕೇಸು ಬಂದರೆ ತನಿಖೆ ಮಾಡಬೇಕಾದವರು ನಿಮ್ಮ ಮಗನಂಥವರೇ.

ಹಾಗಾದರೆ ನನಗೆ ಏನು ಬೇಕು? ತರಬೇತಿ ಶಾಲೆಗಳು ಪೊಲೀಸ್ ಇಲಾಖೆಯಲ್ಲೇ ಇರಲಿ. ಕೆಲಸ ಗೊತ್ತಿರುವವರೇ ಕಲಿಸಬೇಕು. ಆದರೆ ಇಷ್ಟು ದಿನ ಕಲಿಸಬೇಕು, ಇಷ್ಟು ಜನಕ್ಕೆ ಒಬ್ಬ ಶಿಕ್ಷಕ ಇರಬೇಕು, ಇದು ಬಾರದವನನ್ನು ಠಾಣೆಗೆ ಕಳಿಸಬಾರದು ಅಂತ ಹೇಳುವ ಸಂಸ್ಥೆ ಇಲಾಖೆಯ ಹೊರಗಿರಬೇಕು. ಅದಕ್ಕೆ ಲೋಕಸೇವಾ ಆಯೋಗದ ಹಾಗೆ ಭಾರಿತ ಖರ್ಚಿನಿಂದ ದುಡ್ಡು ಬರಬೇಕು. ಅದಕ್ಕೆ ಕಾನೂನು ಮಾಡೋಕೆ ತಡವಾದರೆ, ಕನಿಷ್ಠ ಐದು ವರ್ಷಕ್ಕೆ ಇಷ್ಟು ಅಂತ ಮೊದಲೇ ನಿಗದಿಯಾಗಿ, ಮಧ್ಯೆ ಯಾರೂ ಕತ್ತರಿ ಹಾಕದ ಹಾಗಿರಬೇಕು. ಅಧ್ಯಕ್ಷರಿಗೆ ನಿಶ್ಚಿತ ಅವಧಿ ಬೇಕು. ಸದಸ್ಯರಲ್ಲಿ ಪೊಲೀಸರು ಇರಲಿ, ವಕೀಲರು, ವಿಧಿವಿಜ್ಞಾನದವರು, ಸಮಾಜಕಾರ್ಯದವರೂ ಇರಲಿ. ಅವರ ಲೆಕ್ಕವನ್ನೂ ಆಡಿಟ್ ಮಾಡಲೇಬೇಕು. ಸ್ವತಂತ್ರ ಅಂದರೆ ಲೆಕ್ಕ ಕೊಡದವರು ಅಂತಲ್ಲ. ಗೋವಾದಂಥ ಸಣ್ಣ ರಾಜ್ಯಕ್ಕೆ, ವಾಳ್ಪೈಯ ತರಬೇತಿ ಶಾಲೆಗಾಗಿ ಒಂದು ದೊಡ್ಡ ಆಯೋಗ ಭಾರವಾದೀತು. ಪಕ್ಕದ ರಾಜ್ಯದ ಜೊತೆ ಸೇರಿ ಒಂದನ್ನು ಮಾಡಿಕೊಳ್ಳಬಹುದು.

ಇದೆಲ್ಲ ನಡೆಯುವ ಮಾತಾ ಅಂತ ನೀವು ಕೇಳಬಹುದು. ಮುಂಬೈಯಲ್ಲೇ ಒಂದು ಸಣ್ಣ ಉದಾಹರಣೆ ಇದೆ. 1984ರಲ್ಲಿ ಅದೇ ಟಾಟಾ ಸಂಸ್ಥೆ ಕ್ರಾಫರ್ಡ್ ಮಾರ್ಕೆಟ್ ಎದುರಿನ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ಶುರು ಮಾಡಿತು. ತರಬೇತಿ ಪಡೆದ ಸಮಾಜಕಾರ್ಯಕರ್ತರು ಪೊಲೀಸರ ಕಟ್ಟಡದಲ್ಲೇ ಕೂರುತ್ತಾರೆ, ಹೊಡೆತ ತಿಂದು ಬಂದ ಹೆಣ್ಣುಮಗಳ ಮಾತು ಕೇಳುತ್ತಾರೆ. ಆದರೆ ಅವರು ಪೊಲೀಸ್ ಸಿಬ್ಬಂದಿಯಲ್ಲ. ಮುಂದೆ ರಾಜ್ಯ ಸರ್ಕಾರವೇ ಅದನ್ನು ತನ್ನ ಯೋಜನೆಯಾಗಿ ತೆಗೆದುಕೊಂಡು ಬೇರೆ ಜಿಲ್ಲೆಗಳಿಗೂ ಒಯ್ದಿತು. ಕಟ್ಟಡ ಪೊಲೀಸರದ್ದು, ದುಡ್ಡು ಸರ್ಕಾರದ್ದು, ವೃತ್ತಿಯ ನಿಯಮ ಮಾತ್ರ ಅವರದೇ. ಹೀಗೆ ಬದುಕೋಕೆ ನಮ್ಮ ವ್ಯವಸ್ಥೆಯಲ್ಲಿ ಜಾಗ ಇದೆ.

ಮೇಲೆ ಹೇಳಿದ್ದರಲ್ಲಿ ಒಂದೇ ಒಂದು ಸಿಗುತ್ತದೆ ಅಂದರೆ ನಾನು ದುಡ್ಡಿನ ರಕ್ಷಣೆ ಕೇಳಲ್ಲ. ಯಾರ ಅನುಮತಿಯೂ ಬೇಡದೆ ವರದಿ ಪ್ರಕಟಿಸುವ ಹಕ್ಕು ಕೇಳುತ್ತೇನೆ. ಆಡಿಟ್ ವರದಿ ಕಾಯುತ್ತಾ ಕೂತಿದ್ದನ್ನು ನೋಡಿದವನು ನಾನು. ಇಂಥ ಶಾಲೆಯಲ್ಲಿ ಇಷ್ಟು ಪಾಠ ನಡೆಯಲಿಲ್ಲ, ಇಷ್ಟು ಶಿಕ್ಷಕರ ಹುದ್ದೆ ಖಾಲಿ, ಇಷ್ಟು ದಿನ ಹುಡುಗರನ್ನು ಬಂದೋಬಸ್ತಿಗೆ ಒಯ್ದರು ಅಂತ ವರ್ಷಕ್ಕೊಮ್ಮೆ ಪೇಪರಿನಲ್ಲಿ ಬಂದರೆ ದುಡ್ಡು ಕತ್ತರಿಸುವವರು ಎರಡು ಸಲ ಯೋಚನೆ ಮಾಡುತ್ತಾರೆ. ದುಡ್ಡು ಇದ್ದು ಬಾಯಿ ಕಟ್ಟಿದ್ದರೆ ಆ ದುಡ್ಡು ಎಲ್ಲಿ ಹೋಯಿತು ಅಂತ ನಿಮಗೆ ಗೊತ್ತಾಗೋದೇ ಇಲ್ಲ.

ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸವೂ ಇದೆ. ರಾಜ್ಯದ ಬಜೆಟ್ ಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಗೃಹ ಇಲಾಖೆಯ ಪುಸ್ತಕದಲ್ಲಿ 2055 ಅನ್ನೋ ಶೀರ್ಷಿಕೆ ಹುಡುಕಿ, ಅದು ಪೊಲೀಸ್. ಅದರೊಳಗೆ 003 ಅಂದರೆ ಶಿಕ್ಷಣ ಮತ್ತು ತರಬೇತಿ. ಈ ಸಂಖ್ಯೆಗಳು ಎಲ್ಲ ರಾಜ್ಯಕ್ಕೂ ಒಂದೇ, ಊರ ಕಡೆಯವರು ಕರ್ನಾಟಕದ್ದನ್ನೂ ಹೀಗೇ ನೋಡಬಹುದು. ಅಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಆದ ಖರ್ಚು ಅಂತ ಕಾಣುತ್ತವೆ. ಮೊದಲನೆಯದನ್ನು ನೋಡಿ ಸಂತೋಷಪಡಬೇಡಿ. ಮೂರನೆಯದನ್ನು ನೋಡಿ. ಒಂದೇ ವರ್ಷದ ಅಂದಾಜಿಗೂ ಖರ್ಚಿಗೂ ನಡುವೆ ಎಷ್ಟು ಅಂತರ ಇದೆಯೋ, ಅಷ್ಟು ಪಾಠಕ್ಕೆ ಯಾರೋ ವರ್ಷದ ಮಧ್ಯೆ ಕೈ ಹಾಕಿರುತ್ತಾರೆ, ಇಲ್ಲವೇ ಶಾಲೆಗೆ ಅದನ್ನು ಖರ್ಚು ಮಾಡಲು ಆಗಿರಲ್ಲ. ಯಾವುದು ಅಂತ ಕೇಳಲು ಮಾಹಿತಿ ಹಕ್ಕಿನ ಅರ್ಜಿ ಇದೆ.

ಅರ್ಜಿಗೆ ಹತ್ತು ರೂಪಾಯಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಕನ್ನಡದಲ್ಲಿ ಬರೆದರೆ ಇಲ್ಲಿ ನಡೆಯಲ್ಲ. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಬೇಕು. ಕಳೆದ ಮೂರು ವರ್ಷದಲ್ಲಿ ತರಬೇತಿಯಲ್ಲಿದ್ದವರನ್ನು ಎಷ್ಟು ದಿನ ಬೇರೆ ಕೆಲಸಕ್ಕೆ ಕಳಿಸಿದ್ದರು, ಶಿಕ್ಷಕರ ಹುದ್ದೆ ಎಷ್ಟು ಮಂಜೂರು, ಎಷ್ಟು ಭರ್ತಿ, ಇವೆರಡನ್ನು ಬೇರೆ ಬೇರೆ ಅರ್ಜಿಯಲ್ಲಿ ಕೇಳಿದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಮಗನ ಹೆಸರಲ್ಲಿ ಮಾತ್ರ ಹಾಕಬೇಡಿ, ಅವನು ಅಲ್ಲಿ ಕಲಿಯಬೇಕಾದವನು. ನಿಮ್ಮ ಹೆಸರಲ್ಲಿ ಹಾಕಿ. ಮರಾಠಿ ಬರೆಯೋದು ಕಷ್ಟವಾದರೆ ನೀವು ಕನ್ನಡದಲ್ಲಿ ಬರೆದು ನನಗೆ ಕಳಿಸಿ, ನಾನು ಮರಾಠಿಯಲ್ಲಿ ಬರೆದುಕೊಡುತ್ತೇನೆ.